ಮನೆಯಂಗಳದ ಬಜೆ: ಬೆಳೆಸುವ ಕ್ರಮ, ಬಳಸುವಲ್ಲಿ ಎಚ್ಚರ

ಹೊರದೇಶಗಳಲ್ಲಿ ನೆಲೆಸಿರುವ ಮಕ್ಕಳ ಮನೆಯಲ್ಲಿ ಕೆಲವು ತಿಂಗಳು ಇದ್ದು ಚೆನ್ನೈಗೆ ಮರಳುವ ಹಿರಿಯರಲ್ಲಿ ಹಲವರು, ಅಲ್ಲಿನ ಅಂಗಳಗಳಲ್ಲಿ ವಸಂತದ ಕೊನೆಗೆ ಅರಳುವ ನೀಲಿ ಹೂವೊಂದರ ಮಾತನ್ನು ತಪ್ಪದೆ ಎತ್ತುತ್ತಾರೆ. ಕತ್ತಿಯ ಅಲಗಿನಂಥ ಎಲೆಗಳ ಗುಂಪು. ಅದರ ನಡುವಿನಿಂದ ಎರಡು ಮೂರು ಅಡಿ ಎತ್ತರಕ್ಕೆ ಎದ್ದ ತೆಳುವಾದ ಕಾಂಡ. ತುದಿಯಲ್ಲಿ ಮೂರು ದಳಗಳು ಕೆಳಕ್ಕೆ ಬಾಗಿ, ಮೂರು ದಳಗಳು ಮೇಲಕ್ಕೆ ನಿಂತ, ನೇರಳೆ ಬೆರೆತ ನೀಲಿಯ ಹೂವು. ಇದೇ ಸೈಬೀರಿಯದ ಐರಿಸ್. ಹೆಸರಿನಲ್ಲಿ ಸೈಬೀರಿಯವಿದ್ದರೂ ಮಧ್ಯ ಯೂರೋಪಿನಿಂದ ಪಶ್ಚಿಮ ಸೈಬೀರಿಯದವರೆಗೆ ಹಬ್ಬಿರುವ ತೇವದ ಹುಲ್ಲುಗಾವಲುಗಳು ಇದರ ತವರು. ಸ್ವೀಡನ್ ದೇಶದ ಸಸ್ಯವಿಜ್ಞಾನಿ ಲಿನೇಯಸನು 1753ರಲ್ಲಿ ಇದಕ್ಕೆ ಐರಿಸ್ ಸೈಬಿರಿಕಾ ಎಂದು ಹೆಸರಿಟ್ಟನು. ಇಂಥ ಗಿಡವನ್ನು ಮೈಲಾಪುರದ ಮಹಡಿಯ ಮೇಲೋ ಅಣ್ಣಾನಗರದ ಹಿತ್ತಲಲ್ಲೋ ಬೆಳೆಸಬಾರದೇಕೆ ಎಂಬ ಆಸೆ ನೋಡಿದವರಿಗೆ ಹುಟ್ಟುವುದು ಸಹಜ.

ಆಸೆ ಸಹಜವಾದರೂ ಅದು ಈಡೇರುವಂಥದಲ್ಲ. ಸೈಬೀರಿಯದ ಐರಿಸ್ ಬಿಸಿಲಿಗಿಂತ ಹೆಚ್ಚಾಗಿ ಚಳಿಯನ್ನು ಬೇಡುವ ಸಸ್ಯ. ಶರತ್ಕಾಲದಲ್ಲಿ ಅದರ ಎಲೆಗಳು ಒಣಗಿ, ನೆಲದೊಳಗಿನ ಗೆಡ್ಡೆ ಹಲವು ವಾರಗಳ ಕಾಲ ತೀವ್ರವಾದ ಶೀತದಲ್ಲಿ ನಿದ್ರಿಸಬೇಕು. ಆ ನಿದ್ರೆ ಮುಗಿದ ಮೇಲೆಯೇ ಹೂವಿನ ಮೊಗ್ಗು ರೂಪುಗೊಳ್ಳುವುದು. ಚೆನ್ನೈಯಲ್ಲಿ ಜನವರಿಯ ರಾತ್ರಿಗಳಲ್ಲಿಯೂ ಉಷ್ಣಮಾನ ಸಾಮಾನ್ಯವಾಗಿ 20 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿರುತ್ತದೆ. ಬೇಸಿಗೆಯ ಮಾತನ್ನು ಹೇಳಬೇಕಾಗಿಯೇ ಇಲ್ಲ. 2003ರ ಮೇ ತಿಂಗಳ ಕೊನೆಯ ದಿನ ಈ ನಗರ 45 ಡಿಗ್ರಿಯನ್ನು ಕಂಡಿದೆ. ಇಲ್ಲಿ ನೆಟ್ಟ ಐರಿಸ್ ನಿದ್ರೆಯೇ ಇಲ್ಲದೆ ಸೊರಗಿ, ಒಂದೆರಡು ವರ್ಷಗಳಲ್ಲಿ ಕೊಳೆತುಹೋಗುತ್ತದೆ. ಜೊತೆಗೆ ಕಾನೂನಿನ ತೊಡಕೊಂದಿದೆ. 2003ರ ಸಸ್ಯ ಕ್ವಾರಂಟೈನ್ ಆದೇಶದಂತೆ, ಆಮದು ಪರವಾನಗಿಯೂ ಕಳುಹಿಸುವ ದೇಶದ ಸಸ್ಯಾರೋಗ್ಯ ಪ್ರಮಾಣಪತ್ರವೂ ಇಲ್ಲದೆ ನೆಡುವ ಗೆಡ್ಡೆಗಳನ್ನು ಭಾರತದೊಳಕ್ಕೆ ತರುವಂತಿಲ್ಲ. ಸೀರೆಗಳ ಮಡಿಕೆಯಲ್ಲಿ ಸುತ್ತಿ ತಂದ ಗೆಡ್ಡೆ ಬದುಕುವುದೂ ಇಲ್ಲ, ಅದರೊಡನೆ ಬರುವ ರೋಗ ಕೀಟಗಳು ಮಾತ್ರ ಬದುಕಿಯಾವು.

ಐರಿಸ್ ಕುಲದ ಹೂವೇ ಬೇಕೆನ್ನುವವರಿಗೆ ಬಯಲುನಾಡಿನ ಸೆಕೆಯನ್ನು ತಕ್ಕಮಟ್ಟಿಗೆ ತಾಳುವ ಒಂದು ಸಸ್ಯವಿದೆ. ಬೀಸಣಿಗೆಯಂತೆ ಹರಡಿದ ಎಲೆ, ಕಿತ್ತಳೆ ಬಣ್ಣದ ಮೇಲೆ ಕೆಂಪು ಚುಕ್ಕೆಗಳಿರುವ ಹೂವು. ಬಹುಕಾಲ ಬೆಲಮ್‌ಕಂಡ ಎಂದು ಬೇರೆಯಾಗಿ ಎಣಿಸಲ್ಪಟ್ಟಿದ್ದ ಇದನ್ನು 2005ರಲ್ಲಿ ಐರಿಸ್ ಕುಲಕ್ಕೇ ಸೇರಿಸಲಾಯಿತು. ಆದರೆ ಸೈಬೀರಿಯದ ಐರಿಸ್‌ನ ಮುಖ್ಯ ಸೊಬಗು ಹೂವಿಗಿಂತ ಹೆಚ್ಚು ಕಾಲ ಉಳಿಯುವ ಎಲೆಗಳ ಗುಂಪಿನಲ್ಲಿದೆ, ತೇವದ ನೆಲದಲ್ಲಿ ನೆಟ್ಟಗೆ ನಿಲ್ಲುವ ಅದರ ನಿಲುವಿನಲ್ಲಿದೆ. ಆ ಎಲೆ, ಆ ನಿಲುವು, ಆ ತೇವಪ್ರೀತಿ ಇವೆಲ್ಲವೂ ಉಳ್ಳ ಸಸ್ಯವೊಂದು ಕನ್ನಡದ ಮನೆಗಳಿಗೆ ಶತಮಾನಗಳಿಂದ ಪರಿಚಿತವಾಗಿದೆ. ಅದರ ಗಿಡವನ್ನು ನೋಡಿದವರು ಕಡಿಮೆ, ಬೇರನ್ನು ನೋಡದವರು ಇಲ್ಲ. ಅದೇ ಬಜೆ.

ಹೆಸರಿನ ನಂಟು

ಬಜೆಗೆ ಸಂಸ್ಕೃತದಲ್ಲಿ ವಚಾ, ಉಗ್ರಗಂಧಾ, ಷಡ್ಗ್ರಂಥಾ ಎಂಬ ಹೆಸರುಗಳಿವೆ. ತಮಿಳರು ವಸಂಬು ಎನ್ನುತ್ತಾರೆ, ತೆಲುಗರು ವಸ ಎನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಇದು ಅಕೋರಸ್ ಕೆಲಮಸ್. ಐರಿಸ್‌ಗೂ ಬಜೆಗೂ ಇರುವ ಹೋಲಿಕೆ ಹೊಸದಾಗಿ ಕಂಡದ್ದಲ್ಲ. ಯೂರೋಪಿನ ಜೌಗುಗಳಲ್ಲಿ ಬೆಳೆಯುವ ಹಳದಿ ಹೂವಿನ ಐರಿಸ್ ಒಂದನ್ನು ಎಲೆಯ ಹೋಲಿಕೆಯಿಂದ ಜನರು ಬಜೆಯೆಂದೇ ಭ್ರಮಿಸುತ್ತಿದ್ದುದರಿಂದ, ಲಿನೇಯಸನು ಅದಕ್ಕೆ ಐರಿಸ್ ಸ್ಯೂಡಕೋರಸ್, ಎಂದರೆ ಹುಸಿಬಜೆಯ ಐರಿಸ್ ಎಂಬ ಹೆಸರನ್ನೇ ಕೊಟ್ಟನು. ಅಲ್ಲಿ ಹುಸಿ ಎನಿಸಿಕೊಂಡದ್ದು ಐರಿಸ್, ನಿಜವಾದದ್ದು ಬಜೆ ಎಂಬುದು ಗಮನಾರ್ಹ.

ಹೋಲಿಕೆ ಹೊರಗಿನದು ಮಾತ್ರ. ವಂಶದ ದೃಷ್ಟಿಯಿಂದ ಇವೆರಡೂ ಬಹು ದೂರದ ಸಸ್ಯಗಳು. ಬಜೆಯನ್ನು ಹಿಂದೆ ಕೆಸುವಿನ ಕುಟುಂಬಕ್ಕೆ ಸೇರಿಸಲಾಗಿತ್ತು. ಈಚಿನ ದಶಕಗಳ ಅನುವಂಶಿಕ ಸಂಶೋಧನೆಗಳಿಂದ, ಹುಲ್ಲು, ಬತ್ತ, ಬಾಳೆ, ತೆಂಗು, ಐರಿಸ್ ಮೊದಲಾದ ಏಕದಳ ಸಸ್ಯಗಳೆಲ್ಲಕ್ಕಿಂತ ಮೊದಲೇ ಕವಲೊಡೆದು ಬೇರೆಯಾಗಿ ನಿಂತ ಪ್ರಾಚೀನ ಶಾಖೆ ಇದೆಂದು ತಿಳಿದುಬಂದಿದೆ. ಅಂಗಡಿಯಲ್ಲಿ ಹಿಡಿಯಷ್ಟು ಕಟ್ಟಿ ಮಾರುವ ಈ ಬೇರಿಗೆ ಅಂಥ ವಂಶಾವಳಿ ಇದೆಯೆಂದು ಯಾರು ತಾನೇ ಎಣಿಸಿಯಾರು!

ಗಿಡವನ್ನು ಗುರುತಿಸುವುದು ಕಷ್ಟವಲ್ಲ. ಎಲೆಯನ್ನು ಬೆರಳುಗಳ ನಡುವೆ ಹಿಸುಕಿದರೆ ಬಜೆಯಾದರೆ ತೀಕ್ಷ್ಣವಾದ ಸುವಾಸನೆ ಏಳುತ್ತದೆ. ಐರಿಸ್ ಎಲೆಗೆ ಹಸಿ ಹುಲ್ಲಿನ ವಾಸನೆಗಿಂತ ಹೆಚ್ಚಿನದಿಲ್ಲ. ಬಜೆಯ ಎಲೆಯ ಉದ್ದಕ್ಕೂ ಉಬ್ಬಿದ ನಡುನರವೊಂದು, ಸರಿಯಾಗಿ ಮಧ್ಯದಲ್ಲಿರದೆ ತುಸು ಪಕ್ಕಕ್ಕೆ ಸರಿದು ಓಡುತ್ತದೆ; ಅಂಚು ಅಲ್ಲಲ್ಲಿ ಸುಕ್ಕುಗಟ್ಟಿರುತ್ತದೆ. ಹೂವು ಬಿಡುವುದು ಅಪರೂಪ. ಬಿಟ್ಟರೂ ಎಲೆಯಂಥ ಕಾಂಡದ ಪಕ್ಕದಿಂದ ಕಿರುಬೆರಳಿನಂತೆ ಚಾಚಿಕೊಂಡ ಹಸಿರು ಹಳದಿಯ ತೆನೆಯಷ್ಟೇ. ಬಣ್ಣದ ಹೂವು ಬಂತೆಂದರೆ ತೊಟ್ಟಿಯಲ್ಲಿರುವುದು ಬಜೆಯಲ್ಲವೆಂದು ನಿಶ್ಚಯವಾಗಿ ಹೇಳಬಹುದು. ಈ ಪರೀಕ್ಷೆ ಅಗತ್ಯ, ಏಕೆಂದರೆ ಅನೇಕ ಐರಿಸ್‌ಗಳ ಗೆಡ್ಡೆ ಹೊಟ್ಟೆಗೆ ಹೋದರೆ ವಾಂತಿ ಭೇದಿಗಳನ್ನುಂಟುಮಾಡುತ್ತದೆ.

ನೆಡುವುದು, ನೀರು ಕೊಡುವುದು

ಕರ್ನಾಟಕದಲ್ಲಿ ಬಜೆಯನ್ನು ಬೆಳೆಯಾಗಿ ತೆಗೆಯುವುದಕ್ಕೆ ಪ್ರಸಿದ್ಧವಾದದ್ದು ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕು. ಬತ್ತದ ಗದ್ದೆಯಂತೆ ನೀರು ನಿಲ್ಲುವ ತಗ್ಗು ಭೂಮಿ, ಅಂಟು ಮಣ್ಣು, ಒಂದಡಿ ಅಂತರದ ಸಾಲುಗಳು, ವರ್ಷದ ಸುಮಾರಿಗೆ ಕೊಯ್ಲು. ಮನೆಯಲ್ಲಿ ಮಾಡಬೇಕಾದದ್ದು ಈ ಗದ್ದೆಯನ್ನೇ ಒಂದು ತೊಟ್ಟಿಯೊಳಕ್ಕೆ ಕಿರಿದು ಮಾಡಿ ಇಳಿಸುವುದು.

ಮೊದಲ ತೊಡಕು ಬೀಜದ ಗೆಡ್ಡೆಯದು. ನಾಟುಮದ್ದಿನ ಅಂಗಡಿಯಲ್ಲಿ ದೊರೆಯುವ ಬಜೆ ಒಣಗಿಸಿದ್ದು, ಜೀವವಿಲ್ಲದ್ದು. ಅದನ್ನು ಎಷ್ಟು ದಿನ ನೆನೆಹಾಕಿದರೂ ಮೊಳೆಯುವುದಿಲ್ಲ. ಔಷಧಿ ಸಸ್ಯಗಳನ್ನು ಬೆಳೆಸುವ ನರ್ಸರಿಗಳಿಂದಲೋ ಈಗಾಗಲೇ ಬೆಳೆಸುತ್ತಿರುವ ಮನೆಯವರಿಂದಲೋ ಹಸಿಯಾದ, ಕಣ್ಣಿರುವ ತುಂಡನ್ನು ಪಡೆಯಬೇಕು. ಬೆರಳುದ್ದದ ಒಂದು ತುಂಡು ಸಾಕು. ಎಲೆಗಳಿದ್ದರೆ ನಾಲ್ಕು ಅಂಗುಲ ಉಳಿಸಿ ಕತ್ತರಿಸಿಬಿಡಬೇಕು, ಇಲ್ಲವಾದರೆ ಬೇರು ಹಿಡಿಯುವ ಮೊದಲೇ ಎಲೆಗಳು ನೀರನ್ನು ಹೀರಿ ಬಾಡುತ್ತವೆ.

ಕುಂಡ ಆಳವಾಗಿರುವುದಕ್ಕಿಂತ ಅಗಲವಾಗಿರುವುದು ಮೇಲು. ಗೆಡ್ಡೆ ಹರಡುವುದು ಅಡ್ಡಲಾಗಿ. ಒಂದಡಿ ಆಳ, ಒಂದೂವರೆ ಎರಡು ಅಡಿ ಅಗಲದ ಸಿಮೆಂಟು ತೊಟ್ಟಿಯಾಗಲಿ ಪ್ಲಾಸ್ಟಿಕ್ ಟಬ್ಬಾಗಲಿ ಆಗುತ್ತದೆ. ಇತರ ಗಿಡಗಳ ಕುಂಡದ ತಳದಲ್ಲಿ ತೂತು ಇರಬೇಕೆಂಬುದು ನಿಯಮ. ಬಜೆಯ ತೊಟ್ಟಿಯಲ್ಲಿ ತೂತು ತಳದಲ್ಲಿರದೆ, ಮಣ್ಣಿನ ಮೇಲ್ಮಟ್ಟಕ್ಕಿಂತ ಒಂದಂಗುಲ ಕೆಳಗೆ ಪಕ್ಕದಲ್ಲಿರಬೇಕು. ಇದರ ಕಾರಣ ಮುಂದೆ ಸ್ಪಷ್ಟವಾಗುವುದು. ಮಹಡಿಯ ಮೇಲೆ ಇಡುವವರು ನೀರುತುಂಬಿದ ಮಣ್ಣಿನ ಭಾರವನ್ನು ಮರೆಯಬಾರದು. ಈ ಅಳತೆಯ ತೊಟ್ಟಿ ಒಬ್ಬ ಆಳಿನಷ್ಟು ತೂಗುವುದುಂಟು. ಆದುದರಿಂದ ತೊಲೆಯಾಗಲಿ ಗೋಡೆಯಾಗಲಿ ಕೆಳಗಿರುವ ಕಡೆ ಇರಿಸುವುದು ಕ್ಷೇಮ.

ಮಣ್ಣಿನ ವಿಷಯದಲ್ಲಿ ಚೆನ್ನೈ ಒಂದೇ ಊರಲ್ಲ. ಬೆಸೆಂಟ್‌ನಗರ, ತಿರುವಾನ್ಮಿಯೂರು ಮೊದಲಾದ ಕಡಲಂಚಿನ ಬಡಾವಣೆಗಳಲ್ಲಿ ಮರಳು. ಪಶ್ಚಿಮದ ಕೆಲವು ಭಾಗಗಳಲ್ಲಿ ಅಂಟು ಜೇಡಿ. ಬಜೆಗೆ ಜೇಡಿಯೇ ಪ್ರಿಯ. ಕೆರೆಗೋಡು ಅಥವಾ ಜೇಡಿಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಒಂದು ಪಾಲು ಬೆರೆಸಿದರೆ ಸಾಕು. ಹಸಿ ಸಗಣಿ, ಅಡುಗೆಮನೆಯ ಕಸ ಮುಂತಾದುವನ್ನು ನೀರು ಬಸಿಯದ ತೊಟ್ಟಿಗೆ ಹಾಕಿದರೆ ಕೊಳೆತು ನಾರುತ್ತದೆ. ಕಡಲ ಮರಳಿನಲ್ಲಿ ಉಪ್ಪಿರುವುದರಿಂದ ಅದನ್ನು ಮುಟ್ಟಲೇಬಾರದು.

ಉಪ್ಪಿನ ಮಾತು ನೀರಿಗೂ ಸಲ್ಲುತ್ತದೆ. ಈ ನಗರದ ಅನೇಕ ಕೊಳವೆಬಾವಿಗಳ ನೀರು ಸವಳು. ತೂತಿರುವ ಕುಂಡದಲ್ಲಿ ಮೇಲಿನಿಂದ ಸುರಿದ ನೀರು ಉಪ್ಪನ್ನು ತೊಳೆದುಕೊಂಡು ಹೊರಹೋಗುತ್ತದೆ. ಬಜೆಯ ತೊಟ್ಟಿಯಲ್ಲಿಯಾದರೋ ನೀರು ಆವಿಯಾಗಿ ಹೋಗಿ ಉಪ್ಪು ಅಲ್ಲಿಯೇ ಶೇಖರವಾಗುತ್ತದೆ. ಬ್ಯಾಂಕಿನ ಸಾಲದ ಬಡ್ಡಿಯಂತೆ ಅದು ತಿಂಗಳಿಂದ ತಿಂಗಳಿಗೆ ಏರುವುದು. ಎಲೆಯ ತುದಿ ಕಂದಿ ಸುಟ್ಟಂತಾದರೆ ಉಪ್ಪಿನ ಲೆಕ್ಕ ಮೀರಿತೆಂದು ತಿಳಿಯಬೇಕು. ಈಚೆಗೆ ಅನೇಕ ಮನೆಗಳಲ್ಲಿ ಕುಡಿಯುವ ನೀರನ್ನು ಶುದ್ಧಗೊಳಿಸುವ ಆರ್‌ಓ ಯಂತ್ರ ಹೊರಕ್ಕೆ ಬಿಡುವ ನೀರನ್ನು ಗಿಡಗಳಿಗೆ ಹಾಕುವ ರೂಢಿಯುಂಟು. ಮಿತವ್ಯಯದ ದೃಷ್ಟಿಯಿಂದ ಮೆಚ್ಚತಕ್ಕದ್ದಾದರೂ ಆ ನೀರಿನಲ್ಲಿ ಮೂಲ ನೀರಿಗಿಂತ ಉಪ್ಪು ಹೆಚ್ಚು. ಬಜೆಗೆ ಅದು ಸಲ್ಲದು. ಬದಲಾಗಿ ಹವಾನಿಯಂತ್ರಣ ಯಂತ್ರದಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣ ಬಹು ಕಡಿಮೆ. ಬೇಸಿಗೆಯಲ್ಲಿ ಬಕೆಟ್ಟಿನಲ್ಲಿ ಹಿಡಿದಿಟ್ಟರೆ ಬಜೆಗೆ ದಿನದ ಪಾಲು ಅದರಿಂದಲೇ ಒದಗುತ್ತದೆ. ಮಳೆಯ ನೀರು ಎಲ್ಲಕ್ಕೂ ಉತ್ತಮ.

ನೆಡುವ ಕಾಲದಲ್ಲಿ ಕರ್ನಾಟಕದ ಪಂಚಾಂಗವನ್ನು ಇಲ್ಲಿಗೆ ತಂದರೆ ತಪ್ಪಾಗುತ್ತದೆ. ಚೆನ್ನೈಗೆ ವರ್ಷದ ಮಳೆಯ ಹೆಚ್ಚಿನ ಭಾಗ ಬರುವುದು ಹಿಂಗಾರಿನಲ್ಲಿ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ನವರಾತ್ರಿಯ ಆಸುಪಾಸಿನಲ್ಲಿ ನೆಟ್ಟರೆ ಮಳೆಯ ತಂಪಿನಲ್ಲಿ ಬೇರೂರಿ, ಬೇಸಿಗೆ ಬರುವಷ್ಟರಲ್ಲಿ ಗಿಡ ಗಟ್ಟಿಯಾಗಿರುತ್ತದೆ. ತುಂಡನ್ನು ಅಡ್ಡಲಾಗಿ ಮಲಗಿಸಿ, ಕಣ್ಣು ಮೇಲಕ್ಕಿರುವಂತೆ ಒಂದೂವರೆ ಅಂಗುಲದಷ್ಟು ಮಣ್ಣು ಮುಚ್ಚಬೇಕು. ಆಳಕ್ಕೆ ಹೂಳಿದರೆ ಕೊಳೆಯುತ್ತದೆ. ಎರಡು ಮೂರು ವಾರಗಳಲ್ಲಿ ಹಸಿರು ಕತ್ತಿಗಳು ಏಳುತ್ತವೆ. ದಿನಕ್ಕೆ ಅರ್ಧ ಹೊತ್ತಿನ ಬಿಸಿಲು ಸಾಕು. ಮೇ ತಿಂಗಳ ಅಗ್ನಿನಕ್ಷತ್ರದ ದಿನಗಳಲ್ಲಿ, ತಮಿಳರು ಕತ್ತಿರಿ ಎನ್ನುವ ಕಾಲದಲ್ಲಿ, ಪಶ್ಚಿಮದ ಬಿಸಿಲು ತಾಗದಂತೆ ನೆರಳು ಮಾಡಬೇಕು. 2019ರ ಬೇಸಿಗೆಯಂತೆ ನಗರದ ಜಲಾಶಯಗಳೇ ಬತ್ತಿ ಜನರು ಲಾರಿಯ ನೀರಿಗೆ ಕಾದು ನಿಲ್ಲುವ ವರ್ಷದಲ್ಲಿ ಗಿಡಕ್ಕೆಲ್ಲಿಯ ನೀರು? ಆಗ ಎಲೆಗಳನ್ನು ಬುಡಕ್ಕೆ ಕತ್ತರಿಸಿ ತೊಟ್ಟಿಯನ್ನು ನೆರಳಿಗೆಳೆದು ಮಣ್ಣು ಪೂರ್ತಿ ಒಣಗದಷ್ಟು ತೇವ ಉಳಿಸಿದರೆ, ಗೆಡ್ಡೆ ಜೀವ ಹಿಡಿದುಕೊಂಡಿದ್ದು ಮಳೆಗೆ ಮತ್ತೆ ಚಿಗುರುವ ಸಂಭವವಿದೆ. ಬೇರಿಗೆ ಅಂಟುವ ಬಿಳಿ ಹಿಟ್ಟಿನಂಥ ತಿಗಣೆಯ ಹೊರತು ಹೇಳಿಕೊಳ್ಳುವಂಥ ಕೀಟಬಾಧೆ ಇಲ್ಲ.

ಕೀಟದ ಮಾತು ಬಂದಾಗ ಮನುಷ್ಯರನ್ನು ಬಾಧಿಸುವ ಕೀಟವನ್ನು ಮರೆಯುವಂತಿಲ್ಲ. ಬಜೆ ಜೌಗಿನ ಸಸ್ಯವೆಂದು ಓದಿದವರು ತೊಟ್ಟಿಯಲ್ಲಿ ನೀರನ್ನು ತುಂಬಿ ನಿಲ್ಲಿಸುತ್ತಾರೆ. ಡೆಂಗೆ ಹರಡುವ ಈಡಿಸ್ ಸೊಳ್ಳೆಗೂ, ನಗರದ ಬಾವಿ ತೊಟ್ಟಿಗಳಲ್ಲಿ ಹುಟ್ಟಿ ಮಲೇರಿಯ ಹರಡುವ ಅನಾಫಿಲಿಸ್ ಸೊಳ್ಳೆಗೂ ಇಂಥ ನಿಂತ ನೀರು ತೊಟ್ಟಿಲು. ಮೊಟ್ಟೆಯಿಂದ ರೆಕ್ಕೆಯ ಸೊಳ್ಳೆಯಾಗಲು ಈ ಊರಿನ ಸೆಕೆಯಲ್ಲಿ ಒಂದು ವಾರ ಹತ್ತು ದಿನಗಳು ಸಾಕು. ಬಜೆಗೆ ಬೇಕಾದದ್ದು ನಿಂತ ನೀರಲ್ಲ, ಸದಾ ಕೆಸರಾಗಿರುವ ಮಣ್ಣು. ಪಕ್ಕದಲ್ಲಿ, ಮಣ್ಣಿನ ಮಟ್ಟಕ್ಕಿಂತ ಕೆಳಗೆ ತೂತಿರಬೇಕೆಂದು ಹೇಳಿದುದು ಇದಕ್ಕಾಗಿಯೇ: ಹೆಚ್ಚಾದ ನೀರು ಮಣ್ಣಿನ ಮೇಲೆ ನಿಲ್ಲದೆ ಹರಿದುಹೋಗುತ್ತದೆ, ಕೆಳಗಿನ ಮಣ್ಣು ಕೆಸರಾಗಿಯೇ ಉಳಿಯುತ್ತದೆ. ಮಳೆಗಾಲದಲ್ಲಿ ಆ ತೂತು ಕಟ್ಟಿಕೊಳ್ಳದಂತೆ ವಾರಕ್ಕೊಮ್ಮೆ ಕಡ್ಡಿಯಾಡಿಸುವುದು ಒಳ್ಳೆಯದು.

ಒಂದು ವರ್ಷ ತುಂಬುವ ಹೊತ್ತಿಗೆ ಕೆಳಗಿನ ಎಲೆಗಳು ಹಳದಿಯಾಗಿ ಒಣಗತೊಡಗಿದರೆ ಗೆಡ್ಡೆ ಬಲಿತಿತೆಂದು ಅರ್ಥ. ನೀರು ನಿಲ್ಲಿಸಿ ಮಣ್ಣು ಸ್ವಲ್ಪ ಬಿಗಿಯಾದ ಮೇಲೆ ಅಗೆದು ತೆಗೆದು, ಕಣ್ಣಿರುವ ತುದಿಗಳನ್ನು ಮರಳಿ ನೆಟ್ಟು, ಉಳಿದುದನ್ನು ತೊಳೆದು, ನಾರುಬೇರುಗಳನ್ನು ಕಿತ್ತು, ಎರಡು ಮೂರು ಅಂಗುಲದ ತುಂಡುಗಳಾಗಿ ಮಾಡಿ ಗಾಳಿಯಾಡುವೆಡೆ ಒಣಗಿಸಬೇಕು. ಕೆಲಸ ಮುಗಿದ ಮೇಲೂ ಅಂಗೈಯಲ್ಲಿ ಆ ವಾಸನೆ ನಿಂತಿರುತ್ತದೆ.

ಬೇರು ಕೈಗೆ ಬಂದ ಮೇಲೆ

ಇಲ್ಲಿಂದ ಮುಂದಿನ ಮಾತು ತೋಟದ್ದಲ್ಲ, ತೊಟ್ಟಿಲಿನದು. ಮನೆಯಲ್ಲಿ ತಾನೇ ಬೆಳೆದ ಬಜೆ ಇದ್ದು, ಮನೆಗೆ ಮೊಮ್ಮಗುವೂ ಬಂದರೆ, ಅಜ್ಜಿಯ ಕೈ ತಾನಾಗಿ ತೇಯುವ ಕಲ್ಲಿನ ಕಡೆಗೆ ಹೋಗುತ್ತದೆ. ಬಜೆಯನ್ನು ತೇಯ್ದು ಜೇನಿನಲ್ಲಿ ಕಲಸಿ ಕೂಸಿನ ನಾಲಿಗೆಗೆ ತೀಡಿದರೆ ಮಾತು ಬೇಗ ಬರುತ್ತದೆ, ಉಚ್ಚಾರ ಸ್ಪಷ್ಟವಾಗುತ್ತದೆ ಎಂಬುದು ಕನ್ನಡ ನಾಡಿನ ನಂಬಿಕೆ. ತಮಿಳು ನಾಡಿನಲ್ಲಿ ಇದು ಇನ್ನೂ ಗಾಢ. ಹರಳೆಣ್ಣೆ ಹಚ್ಚಿ ದೀಪದಲ್ಲಿ ಸುಟ್ಟ ವಸಂಬನ್ನು ತೇಯ್ದು ಹೊಟ್ಟೆಯುಬ್ಬರಕ್ಕೆ ಕೊಡುವುದು, ಹೊಕ್ಕುಳ ಸುತ್ತ ಹಚ್ಚುವುದು, ಅದರ ತುಂಡುಗಳನ್ನು ಪೋಣಿಸಿ ಕೂಸಿನ ಕೈಗೆ ಬಳೆಯಾಗಿ ಕಟ್ಟುವುದು ಇಲ್ಲಿ ಮನೆಮನೆಯ ಪದ್ಧತಿ. ಹೆಸರನ್ನು ನುಡಿಯಲೂ ಅಂಜಿ ಇದನ್ನು ಪೇರ್ ಸೊಲ್ಲಾ ಮರುಂದು, ಹೆಸರು ಹೇಳದ ಮದ್ದು, ಎಂದು ಕರೆದುದೂ ಉಂಟು. ಮದರಾಸಿನಲ್ಲಿದ್ದ ಈಸ್ಟ್ ಇಂಡಿಯ ಕಂಪೆನಿಯ ವೈದ್ಯ ವೈಟ್‌ಲಾ ಎನ್‌ಸ್ಲಿ ಎಂಬವನು 1813ರಲ್ಲಿ ಇಲ್ಲಿಯೇ ಅಚ್ಚಾದ ತನ್ನ ಔಷಧಿಗ್ರಂಥದಿಂದ ಹೆಸರಾದವನು. ಮಕ್ಕಳ ಹೊಟ್ಟೆನೋವಿಗೆ ವಸಂಬನ್ನು ಕೇಳಿ ನಡುರಾತ್ರಿ ಬಂದವರಿಗೆ ಬಾಗಿಲು ತೆರೆಯದ ಗಂಧಿಗನು ದಂಡ ತೆರಬೇಕಾಗುತ್ತಿತ್ತೆಂದು ಆತನು ದಾಖಲಿಸಿದ್ದಾನೆ. ಇನ್ನೂರು ವರ್ಷಗಳ ಹಿಂದೆಯೇ ಈ ಬೇರಿಗೆ ಈ ಊರಿನಲ್ಲಿದ್ದ ಮನ್ನಣೆ ಅಂಥದು.

ಆದರೆ ಮನ್ನಣೆ ಬೇರೆ, ನಿರಪಾಯವೆಂಬುದು ಬೇರೆ. ಬಜೆಯ ವಾಸನೆಗೆ ಕಾರಣವಾದ ಎಣ್ಣೆಯಲ್ಲಿ ಬೀಟಾ ಅಸರೋನ್ ಎಂಬ ದ್ರವ್ಯವಿದೆ. ಉತ್ತರ ಅಮೆರಿಕದಲ್ಲಿ ಬೆಳೆಯುವ ಬಜೆಯಲ್ಲಿ ಇದು ಇಲ್ಲವೆನ್ನಬಹುದು, ಯೂರೋಪಿನದರಲ್ಲಿ ಸ್ವಲ್ಪ, ಭಾರತದ ಬಜೆಯಲ್ಲಿ ಅತ್ಯಧಿಕ. ಎಣ್ಣೆಯ ಮುಕ್ಕಾಲು ಪಾಲಿಗೂ ಮೀರಿ ಇದೇ ಇರುವುದುಂಟು. 1967ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಜಮ್ಮುವಿನ ಬಜೆಯೆಣ್ಣೆಯನ್ನು ಬಹುಕಾಲ ಆಹಾರದೊಡನೆ ತಿಂದ ಇಲಿಗಳ ಸಣ್ಣಕರುಳಿನ ಮೊದಲ ಭಾಗದಲ್ಲಿ ಮಾರಕ ಗೆಡ್ಡೆಗಳು ಕಂಡುಬಂದುವು. ಮರುವರ್ಷ, 1968ರಲ್ಲಿ, ಅಮೆರಿಕವು ಆಹಾರಪದಾರ್ಥಗಳಲ್ಲಿ ಬಜೆಯನ್ನೂ ಅದರ ಎಣ್ಣೆಯನ್ನೂ ನಿಷೇಧಿಸಿತು. ಯೂರೋಪಿನ ಒಕ್ಕೂಟವು 2008ರ ನಿಯಮದಿಂದ, ಬೀಟಾ ಅಸರೋನ್ ಅತ್ಯಧಿಕವಾಗಿರುವ ಬಗೆಯ ಬಜೆಯಿಂದ ಆಹಾರದ ಸುವಾಸನೆಗಳನ್ನು ತಯಾರಿಸಕೂಡದೆಂದು ವಿಧಿಸಿತು. ನ್ಯಾಯವಾಗಿ ಹೇಳುವುದಾದರೆ, ಇಲಿಗಳಿಗೆ ಕೊಟ್ಟದ್ದು ದೊಡ್ಡ ಪ್ರಮಾಣ, ದೀರ್ಘ ಕಾಲ. ಮನುಷ್ಯರಲ್ಲಿ ಅದೇ ಪರಿಣಾಮವಾಯಿತೆಂದು ಸಿದ್ಧವಾಗಿಲ್ಲ. ಆಯುರ್ವೇದವೂ ವಚೆಯನ್ನು ಹಾಗೆಯೇ ಕೊಡು ಎನ್ನುವುದಿಲ್ಲ. ಶೋಧನೆ ಮಾಡಬೇಕು, ಅಲ್ಪ ಮಾತ್ರೆಯಲ್ಲಿ, ಬಲ್ಲ ವೈದ್ಯನ ಕಣ್ಣಳತೆಯಲ್ಲಿ ಕೊಡಬೇಕು ಎನ್ನುತ್ತದೆ. ಹೆಚ್ಚಾದರೆ ವಾಂತಿ ಮಾಡಿಸುವ ದ್ರವ್ಯವೆಂದೂ ಅದಕ್ಕೆ ತಿಳಿದಿದೆ. ಹಿತ್ತಲಿನಿಂದ ಆಗತಾನೆ ಕಿತ್ತ ಹಸಿಬೇರಿನಲ್ಲಿ ಎಣ್ಣೆಯೆಲ್ಲವೂ ಹಾಗೆಯೇ ಇರುತ್ತದೆ. ಹಿಂದಿನವರು ಸುಟ್ಟು ಕರಕಲು ಮಾಡಿ ಕೊಡುತ್ತಿದ್ದಾಗ ಹಾರಿಹೋಗುತ್ತಿದ್ದ ಭಾಗವೂ ಈಗ ಮಗುವಿನ ಹೊಟ್ಟೆಗೇ ಹೋಗುತ್ತದೆ. ಮೂರು ನಾಲ್ಕು ಕಿಲೋ ತೂಕದ ಕೂಸಿಗೆ ಅಳತೆಯಿಲ್ಲದ ಒಂದು ತೀಡು ಎಷ್ಟಾಯಿತೆಂದು ಯಾವ ಅಜ್ಜಿಯೂ ಹೇಳಲಾರಳು.

ಜೇನಿನ ಮಾತೂ ಹಾಗೆಯೇ. ವರ್ಷ ತುಂಬದ ಕೂಸಿಗೆ ಜೇನು ಕೊಡಬಾರದೆಂದು ಇಂದಿನ ಮಕ್ಕಳ ವೈದ್ಯರು ಒಮ್ಮತದಿಂದ ಹೇಳುತ್ತಾರೆ. ಜೇನಿನಲ್ಲಿ ಕೆಲವೊಮ್ಮೆ ಇರುವ ಒಂದು ಬಗೆಯ ರೋಗಾಣುಬೀಜ ದೊಡ್ಡವರ ಕರುಳಿನಲ್ಲಿ ಏನೂ ಮಾಡದಿದ್ದರೂ, ಕೂಸಿನ ಕರುಳಿನಲ್ಲಿ ಮೊಳೆತು ನರಗಳನ್ನು ಸ್ತಬ್ಧಗೊಳಿಸುವ ವಿಷವನ್ನು ಹುಟ್ಟಿಸಬಲ್ಲುದು. ಮೊದಲ ಆರು ತಿಂಗಳು ತಾಯಿಯ ಹಾಲಲ್ಲದೆ ನೀರೂ ಬೇಡವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ವೈದ್ಯರು ಹೇಳಿದ ಔಷಧಿಗೆ ಮಾತ್ರ ವಿನಾಯಿತಿ. ಹೊಕ್ಕುಳಬಳ್ಳಿ ಉದುರಿ ಒಣಗುವವರೆಗೆ ಅದಕ್ಕೆ ಬಜೆಯ ಮಸಿಯಾಗಲಿ ಬೇರೇನಾಗಲಿ ತಾಗಿಸಬಾರದು. ಕೈಬಳೆಯ ತುಂಡು ಬಾಯಿಗೆ ಹೋಗಿ ಗಂಟಲಿಗೆ ಸಿಕ್ಕಿಕೊಳ್ಳುವ ಭಯವಿರುವುದರಿಂದ, ಹಲ್ಲು ಬರುವ ಕಾಲದಲ್ಲಿ ಅದನ್ನೂ ತೆಗೆದಿಡುವುದು ಲೇಸು.

ಇವೆಲ್ಲಕ್ಕಿಂತ ದೊಡ್ಡ ಹಾನಿ ಬಜೆಯ ವಿಷದಿಂದ ಆಗುವುದಲ್ಲ, ಬಜೆಯ ಮೇಲಿಟ್ಟ ಭರವಸೆಯಿಂದ ಆಗುವುದು. ವಚಾ ಎಂಬ ಹೆಸರಿನಲ್ಲಿಯೇ ವಾಕ್ಕು ಇದೆ. ಆದುದರಿಂದ ಮಗುವಿಗೆ ಮಾತು ತಡವಾದರೆ, ತೀಡಿರಿ, ಬರುತ್ತದೆ ಎನ್ನುತ್ತಾರೆ. ಒಂದೂವರೆ ವರ್ಷವಾಗುತ್ತದೆ, ಎರಡಾಗುತ್ತದೆ. ಅವನ ತಂದೆಗೂ ತಡವಾಗಿಯೇ ಬಂದಿತ್ತು ಎಂಬ ಸಮಾಧಾನವೊಂದು ಸೇರಿಕೊಳ್ಳುತ್ತದೆ. ಚೆನ್ನೈಯ ಕನ್ನಡ ಮನೆಗಳಲ್ಲಿ ಇನ್ನೊಂದು ಸಮಾಧಾನವೂ ಸಿದ್ಧವಾಗಿದೆ: ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷು, ಮಗು ಗೊಂದಲಕ್ಕೆ ಬಿದ್ದಿದೆ ಎಂಬುದು. ಇದಕ್ಕೆ ಆಧಾರವಿಲ್ಲ. ಎರಡು ಮೂರು ಭಾಷೆಗಳ ನಡುವೆ ಬೆಳೆಯುವುದು ಮಾತಿನ ಕುಂಠಿತಕ್ಕೆ ಕಾರಣವಲ್ಲವೆಂದು ತಜ್ಞರು ಕಂಡುಕೊಂಡಿದ್ದಾರೆ. ಆ ಭಯದಿಂದ ಮಗುವಿನೊಡನೆ ಕನ್ನಡವಾಡುವುದನ್ನು ಬಿಡುವ ತಂದೆತಾಯಿಗಳು ಮಗುವಿಗೆ ಉಪಕಾರವನ್ನೇನೂ ಮಾಡುವುದಿಲ್ಲ.

ಮಾತು ನಾಲಿಗೆಯಿಂದ ಹುಟ್ಟುವುದಕ್ಕೆ ಮೊದಲು ಕಿವಿಯಿಂದ ಒಳಕ್ಕೆ ಹೋಗಬೇಕು. ಕೇಳದ ಮಗು ಆಡದು. ಹುಟ್ಟುವಾಗಲೇ ಕಿವಿ ಮಂದವಾಗಿರುವ ಕೂಸೂ ಮೊದಲ ತಿಂಗಳುಗಳಲ್ಲಿ ಇತರ ಕೂಸುಗಳಂತೆಯೇ ಅಳುತ್ತದೆ, ನಗುತ್ತದೆ, ಗುಟುರುತ್ತದೆ. ಬಾಗಿಲು ಬಡಿದ ಸದ್ದಿಗೆ ಬೆಚ್ಚಿದಂತೆ ಕಂಡದ್ದು ನೆಲದ ಅದಿರಿನಿಂದಲೂ ಆಗಿರಬಹುದು. ಆದುದರಿಂದ ಮನೆಯವರ ಕಣ್ಣಿಗೆ ಅದು ಬೀಳುವುದೇ ತಡವಾಗಿ. ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ತಪಾಸಣೆ, ಸಂದೇಹವಿದ್ದರೆ ಮೂರು ತಿಂಗಳೊಳಗೆ ನಿಶ್ಚಿತ ಪರೀಕ್ಷೆ, ದೋಷವಿದ್ದರೆ ಆರು ತಿಂಗಳೊಳಗೆ ಚಿಕಿತ್ಸೆ ಆರಂಭ ಎಂಬುದು ಜಗತ್ತಿನಾದ್ಯಂತ ಒಪ್ಪಿತವಾದ ಅವಧಿ. ಮಿದುಳಿನ ಭಾಷಾಶಕ್ತಿ ಅತ್ಯಂತ ಚುರುಕಾಗಿರುವುದು ಮೊದಲ ಎರಡು ಮೂರು ವರ್ಷಗಳಲ್ಲಿ. ಬಜೆ ತೀಡುತ್ತಾ ಕಳೆದ ಒಂದು ವರ್ಷವೆಂದರೆ ಆ ಅಲ್ಪ ಬಂಡವಾಳದಲ್ಲಿ ಮೂರನೆಯ ಒಂದು ಪಾಲು ಹೋದಂತೆ.

ಪರೀಕ್ಷೆಯಲ್ಲಿ ನೋವಿಲ್ಲ. ಕೂಸು ನಿದ್ರಿಸುತ್ತಿರುವಾಗ ಕಿವಿಯೊಳಗೆ ಸಣ್ಣ ಬಿರಡೆಯೊಂದನ್ನಿಟ್ಟು ಮೆಲ್ಲನೆ ಸದ್ದು ಕಳುಹಿಸಿ, ಒಳಗಿವಿ ಮರಳಿಸುವ ಕ್ಷೀಣ ಪ್ರತಿಧ್ವನಿಯನ್ನು ಯಂತ್ರ ಗುರುತಿಸುತ್ತದೆ; ಕೆಲವೇ ನಿಮಿಷಗಳ ಕೆಲಸ. ಚೆನ್ನೈಯ ದೊಡ್ಡ ಆಸ್ಪತ್ರೆಗಳಲ್ಲಿ ಈ ಸೌಕರ್ಯವಿದೆ. ಎಳೆಯ ಕಿವುಡು ಮಕ್ಕಳಿಗೆ ಮಾತು ಕಲಿಸುವ ಬಾಲವಿದ್ಯಾಲಯ ಈ ನಗರದಲ್ಲಿ 1969ರಲ್ಲಿ ಆರಂಭವಾಯಿತು. ಒಳಗಿವಿಯಲ್ಲಿ ಯಂತ್ರವಿರಿಸುವ ಕಾಕ್ಲಿಯರ್ ಶಸ್ತ್ರಚಿಕಿತ್ಸೆ ದುಬಾರಿಯಾದರೂ, ಅರ್ಹ ಕುಟುಂಬಗಳ ಚಿಕ್ಕ ಮಕ್ಕಳಿಗೆ ತಮಿಳುನಾಡು ಮುಖ್ಯಮಂತ್ರಿಗಳ ಆರೋಗ್ಯ ವಿಮಾ ಯೋಜನೆಯಲ್ಲಿ ಅದಕ್ಕೆ ಅವಕಾಶ ಕಲ್ಪಿಸಲಾಗಿದೆ. ಕರ್ನಾಟಕದಲ್ಲಿ ಬಂಧುಗಳಿರುವವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಕನ್ನಡದಲ್ಲಿಯೇ ಮಾತಿನ ತರಬೇತಿ ಬಯಸುವ ಮನೆಯವರಿಗೆ ಅದು ವಿಶೇಷ ಅನುಕೂಲ. ಆರು ತಿಂಗಳಿಗೆ ಸದ್ದು ಬಂದೆಡೆಗೆ ತಿರುಗದ, ವರ್ಷದ ಹೊತ್ತಿಗೆ ಬಬಬ, ತತತ ಎಂದು ತೊದಲದ, ಒಂದೂವರೆ ವರ್ಷಕ್ಕೆ ಒಂದಾದರೂ ಅರ್ಥವುಳ್ಳ ಮಾತನಾಡದ ಮಗುವನ್ನು ಕರೆದೊಯ್ಯಲು ಇನ್ನಾವ ಸೂಚನೆಗೂ ಕಾಯಬೇಕಾಗಿಲ್ಲ.

ಹಾಗಾದರೆ ತೊಟ್ಟಿಯಿಂದ ಅಗೆದ ಬೇರನ್ನು ಏನು ಮಾಡುವುದು? ಅದಕ್ಕೆ ಯೋಗ್ಯವಾದ ಸ್ಥಳ ಬೀರು. ಬಜೆಯ ಎಣ್ಣೆ ಕೀಟಗಳ ಸಂತಾನಶಕ್ತಿಯನ್ನೇ ಕುಂದಿಸುತ್ತದೆಂದು ಸಂಶೋಧಕರು ಕಂಡಿದ್ದಾರೆ; ತಾಳೆಗರಿಗಳನ್ನು ಕಾಪಾಡುತ್ತಿದ್ದವರಿಗೆ ಅದರ ಫಲ ಮೊದಲೇ ಗೊತ್ತಿತ್ತು. ತಂಜಾವೂರಿನ ಸರಸ್ವತಿ ಮಹಲ್ ಗ್ರಂಥಾಲಯದಲ್ಲಿ ಬಜೆ, ಕರಿಜೀರಿಗೆ, ಮೆಣಸು, ಲವಂಗ, ದಾಲ್ಚಿನ್ನಿಗಳ ಪುಡಿಗೆ ಕರ್ಪೂರ ಸೇರಿಸಿ ಗಂಟುಕಟ್ಟಿ ಓಲೆಗಳ ನಡುವೆ ಇರಿಸುವ ಪದ್ಧತಿ ಪ್ರಸಿದ್ಧವಾಗಿದೆ. ಕಡಲಗಾಳಿಯ ತೇವದಲ್ಲಿ ಬೆಳ್ಳಿಮೀನು ಹುಳು ಹತ್ತುವ ಚೆನ್ನೈಯ ಮ್ಯಾಡಿಗಳಿಗೆ, ಮನೆಪತ್ರ ಮತ್ತು ಠೇವಣಿ ರಸೀದಿಗಳನ್ನಿಡುವ ಪೆಟ್ಟಿಗೆಗೆ, ರೇಷ್ಮೆ ಸೀರೆಗಳ ಬೀರುವಿಗೆ ಒಣಗಿದ ಬಜೆಯ ಒಂದು ಗಂಟು ಸಾಕು. ಬಟ್ಟೆಗೆ ನೇರವಾಗಿ ತಾಗಿದರೆ ಎಣ್ಣೆಯ ಕಲೆ ಹತ್ತುವುದರಿಂದ ಎರಡು ಪದರದ ಅರಿವೆಯಲ್ಲಿ ಕಟ್ಟಬೇಕು. ಅಕ್ಕಿಯ ಡಬ್ಬದೊಳಗೆ ಹಾಕುವುದು ಬೇಡ, ಅದು ಹೊಟ್ಟೆಗೆ ಹೋಗುವ ವಸ್ತು. ಆರೇಳು ತಿಂಗಳಲ್ಲಿ ವಾಸನೆ ಕುಗ್ಗುತ್ತದೆ. ಆಗ ಗಂಟನ್ನು ಬಿಚ್ಚಿ ತುಂಡುಗಳನ್ನು ತುಸು ಜಜ್ಜಿ ಮತ್ತೆ ಕಟ್ಟಿದರೆ, ಮುಂದಿನ ನವರಾತ್ರಿಯ ಹೊಸ ಬೇರು ಬರುವವರೆಗೆ ಸಾಗುತ್ತದೆ.